ಅಮ್ಮು ಸುತ್ತಿದ ಪರದೆ

ಎರಡು ರಟ್ಟುಗಳ ಸುತ್ತ ನಾಲ್ಕು ರಬ್ಬರ್ ಬ್ಯಾಂಡ್ ಹಾಕಿದ್ದೆ. ಮೂರು ಕೆಂಪು, ಒಂದು ಹಸಿರು. ರಟ್ಟುಗಳ ನಡುವೆ, ಮೆತ್ತನೆಯ ಬಟ್ಟೆಯೊಳಗೆ, ಪೋಸ್ಟ್‌ಕಾರ್ಡಿಗಿಂತ ತುಸು ದೊಡ್ಡದಾದ, ಕಾಗದದಷ್ಟು ತೆಳ್ಳಗಿನ ಒಂದು ಪರದೆ ಇತ್ತು.

ಕಳೆದ ವರ್ಷ ಓಣಂ ರಜೆ ಮುಗಿದ ವಾರವದು. ನಾನು ಮೈಸೂರಿನವಳು, ಕೊಚ್ಚಿಯ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಫೋನು, ಟಿವಿಗಳಲ್ಲಿ ಇರುವಂಥ, ಆದರೆ ಬಗ್ಗಿಸಿದರೂ ಕೆಡದ ಪರದೆಗಳನ್ನು ರೂಪಿಸುವುದು ನಮ್ಮ ಕೆಲಸ. ಮರುದಿನ ತಿರುವನಂತಪುರದಲ್ಲಿ ಪರಿಶೀಲನಾ ಸಮಿತಿಯ ಮುಂದೆ ಈ ಪರದೆಯನ್ನು ತೋರಿಸಬೇಕಿತ್ತು. ಸಮಿತಿ ಒಪ್ಪದಿದ್ದರೆ ಯೋಜನೆ ಅಲ್ಲಿಗೇ ನಿಲ್ಲುತ್ತಿತ್ತು, ಜೊತೆಗೆ ನನ್ನ ಕೆಲಸವೂ. ನಮ್ಮಲ್ಲಿ ಚೆನ್ನಾಗಿ ಉಳಿದಿದ್ದ ಮಾದರಿ ಅದೊಂದೇ. ಅದನ್ನು ಬೆಳಗಿಸುವ ಸರ್ಕ್ಯೂಟ್ ಬೋರ್ಡು ತೆಗೆದುಕೊಂಡು ಸಹೋದ್ಯೋಗಿ ಅನೀಶ್ ಹಿಂದಿನ ದಿನವೇ ಹೋಗಿದ್ದ.

ವೈಟ್ಟಿಲದ ನನ್ನ ಪಿಜಿಯಿಂದ ಹೊರಟು ಎರ್ನಾಕುಳಂನಲ್ಲಿ ಮಧ್ಯಾಹ್ನದ ರೈಲು ಹತ್ತಿದೆ. ರಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಅಮ್ಮನಿಗೆ ಫೋನ್ ಮಾಡಿದೆ. ಫೋನ್ ಇಟ್ಟದ್ದೇ ತಡ, ಎದುರಿನ ಸೀಟಿನ ಹೆಂಗಸು, 'ಮಗಳೇ' ಎನ್ನುವುದನ್ನು ಮಾತ್ರ ಮಲಯಾಳಂನಲ್ಲಿ ಹೇಳಿ, ಕನ್ನಡದಲ್ಲೇ ಕೇಳಿದರು: "ಅದು ಎಂತ ಮೋಳೇ, ಹಪ್ಪಳವಾ?"

ಅವರ ಹೆಸರು ಸುಮತಿ. ಕಾಸರಗೋಡಿನವರು, ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಪಕ್ಕದಲ್ಲಿ ಐದು ವರ್ಷದ ಮೊಮ್ಮಗಳು ಅಮ್ಮು, ಉಪ್ಪೇರಿ, ಅಂದರೆ ಬೆಲ್ಲ ಹಚ್ಚಿದ ಬಾಳೆಕಾಯಿ ಚಿಪ್ಸ್, ತಿನ್ನುತ್ತಿದ್ದಳು. ಅಜ್ಜಿ ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಅವಳದು ಮಲಯಾಳಂನಲ್ಲಿ ಉತ್ತರ.

ನಾನು ಸಾಮಾನ್ಯವಾಗಿ ಅಪರಿಚಿತರೊಡನೆ ಮಾತಾಡುವವಳಲ್ಲ. ಆದರೆ ಅವರು ಬಿಡಲಿಲ್ಲ. ಪರದೆಯೊಳಗೆ ಹಲವು ಪದರಗಳಿರುತ್ತವೆ, ಬಗ್ಗಿಸಿದಾಗ ಹೊರಗಿನದು ಹಿಗ್ಗುತ್ತದೆ, ಒಳಗಿನದು ಕುಗ್ಗುತ್ತದೆ, ಸರಿಯಾಗಿ ನಡುವೆ ಇರುವುದಕ್ಕೆ ಮಾತ್ರ ಏನೂ ಆಗುವುದಿಲ್ಲ, ಅದಕ್ಕೇ ಬೇಗ ಒಡೆಯುವ ಪದರವನ್ನು ಅಲ್ಲಿ ಕೂರಿಸಿದ್ದೇವೆ ಎಂದು ವಿವರಿಸಿದೆ.

"ಪತ್ರೊಡೆ ಸುತ್ತುವಾಗ ಹೊರಗಿನ ಎಲೆ ಬಿರಿಯುದಿಲ್ವಾ, ಹಾಗೆ," ಎಂದರು ಅವರು. ಮತ್ತೆ ರಟ್ಟುಗಳನ್ನು ನೋಡಿದರು. "ಬಗ್ಗುವ ಸ್ಕ್ರೀನು ಅಂತ ಹೇಳ್ತೀರಿ. ಮತ್ತೆ ಬಗ್ಗದ ಹಾಗೆ ಕಟ್ಟಿ ಇಟ್ಟಿದ್ದೀರಲ್ಲ ಮಾರಾಯ್ತಿ!"

"ಬಗ್ಗುತ್ತೆ ಆಂಟಿ. ಆದ್ರೆ ಬಗ್ಗಿಸಬಾರದು," ಎಂದೆ.

ಹೇಳಿದ ಮೇಲೆ ನನಗೇ ಮುಜುಗರವಾಯಿತು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊಲ್ಲಂ ದಾಟಿದ ಮೇಲೆ ಅನೀಶನ ಫೋನ್ ಬಂತು. ಸೀಟಿನಲ್ಲಿ ಸರಿಯಾಗಿ ಕೇಳಿಸದೆ ಬಾಗಿಲ ಬಳಿ ಹೋದೆ. ಹೋಗುವಾಗ ರಟ್ಟುಗಳನ್ನು ನನ್ನ ಸೀಟಿನ ಮೇಲೆ ಇಟ್ಟೆ. ಮರಳಿ ಬಂದಾಗ ಸುಮತಿ ಆಂಟಿ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದರು. ರಟ್ಟುಗಳು ಬಿಚ್ಚಿದ್ದವು. ಅಮ್ಮು ಸೀಟಿನ ಮೇಲೆ ಮಂಡಿಯೂರಿ, ಪರದೆಯನ್ನು ಬಿಗಿಯಾಗಿ ಕೊಳವೆ ಸುತ್ತಿ, ಹಸಿರು ರಬ್ಬರ್ ಬ್ಯಾಂಡ್ ಹಾಕಿ, ಕಣ್ಣಿಗೆ ಹಿಡಿದುಕೊಂಡಿದ್ದಳು.

"ಅಮ್ಮೂಮ್ಮೇ, ನೋಕ್ಕ್! ಕಾಯಲ್ ಕಾಣಾಂ!" ಹೊರಗೆ ಹೊಳೆಯುತ್ತಿದ್ದ ಹಿನ್ನೀರು ಕಾಣುತ್ತಿದೆ, ನೋಡು ಎಂದು ಅಜ್ಜಿಯನ್ನು ಕರೆಯುತ್ತಿದ್ದಳು.

ಪರದೆಗಳನ್ನು ಮತ್ತೆ ಮತ್ತೆ ಬಗ್ಗಿಸಿ ಪರೀಕ್ಷಿಸಲು ಲ್ಯಾಬಿನಲ್ಲಿ ಇಟ್ಟಿರುವ ನಮ್ಮ ಯಂತ್ರ ಕೂಡ ಎಂದೂ ಅಷ್ಟು ಬಿಗಿಯಾಗಿ ಬಗ್ಗಿಸಿರಲಿಲ್ಲ. ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡು ಬಿಚ್ಚಿದೆ. ಮೇಲ್ನೋಟಕ್ಕೆ ಏನೂ ಆಗಿರಲಿಲ್ಲ, ಬೆಲ್ಲದ ಅಂಟು ಬಿಟ್ಟರೆ. ಒಳಗೆ ಏನಾಗಿದೆಯೋ, ಬೆಳಗಿಸದೆ ತಿಳಿಯುವಂತಿರಲಿಲ್ಲ. ಬೋರ್ಡು ಅನೀಶನ ಬಳಿ ಇತ್ತು.

ಎಚ್ಚರವಾದ ಆಂಟಿ ಎದೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ದೇವರೇ! ನನಗೆ ಈಗಲೇ ನಿದ್ದೆ ಬರ್ಬೇಕಿತ್ತಾ?" ಎಂದು ತಮ್ಮನ್ನೇ ಬೈದುಕೊಂಡರು. ಪರವಾಗಿಲ್ಲ ಎಂದು ಹೇಳಿದೆ. ನನ್ನ ಮುಖ ಹಾಗೆ ಹೇಳುತ್ತಿರಲಿಲ್ಲವೇನೋ. ಇಳಿದ ಮೇಲೆ ಬೋರ್ಡಿಗೆ ಜೋಡಿಸಿ ಬೆಳಗಿಸಿದರೆ ಗೊತ್ತಾಗುತ್ತದೆ ಎಂದೆ.

ತಿರುವನಂತಪುರದ ಪ್ಲಾಟ್‌ಫಾರ್ಮಿನಲ್ಲಿ ಅನೀಶ್ ಬೋರ್ಡು ಹಿಡಿದು ಕಾಯುತ್ತಿದ್ದ. ಆಂಟಿ ಮನೆಗೆ ಹೊರಡಲಿಲ್ಲ. "ಅದು ಹತ್ತುದನ್ನು ನೋಡದೆ ನಾನು ಇಲ್ಲಿಂದ ಕದಲುದಿಲ್ಲ," ಎಂದು ಬೆಂಚಿನ ಮೇಲೆ ಕೂತೇಬಿಟ್ಟರು. ಹಾಗಾಗಿ ಅದೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಬೋರ್ಡು ಜೋಡಿಸಿ, ಪರದೆ ಸಿಕ್ಕಿಸಿದೆವು.

ಮೊದಲು ಕೆಂಪು ಬಂತು. ನಂತರ ಹಸಿರು, ನೀಲಿ. ಕೊನೆಗೆ ಬಿಳಿ. ಬಿಳಿಯ ನಡುವೆ, ಮೇಲಿನಿಂದ ಕೆಳಗೆ, ಒಂದು ಕಪ್ಪು ಗೆರೆ.

ಅನೀಶ್ ಕಣ್ಣು ಮುಚ್ಚಿಕೊಂಡ. ನಾನು ನಾಳೆ ಏನು ಹೇಳುವುದೆಂದು ಯೋಚಿಸತೊಡಗಿದೆ. ಅಷ್ಟರಲ್ಲಿ ಆಂಟಿ ಬಗ್ಗಿ ನೋಡಿ, ನಾವು ತಡೆಯುವ ಮೊದಲೇ, ಸೆರಗಿನ ತುದಿಯಿಂದ ಪರದೆಯನ್ನು ಒರೆಸಿಬಿಟ್ಟರು.

ಗೆರೆ ಮಾಯವಾಯಿತು. ಅವರ ಸೆರಗಿನಲ್ಲಿ ಬೆಲ್ಲಕ್ಕೆ ಅಂಟಿದ್ದ ಅಮ್ಮುವಿನ ಒಂದು ತಲೆಗೂದಲಿತ್ತು.

ಅನೀಶ್ ಎಷ್ಟು ನಕ್ಕನೆಂದರೆ ಪಕ್ಕದ ಬೆಂಚಿನವರು ಎದ್ದು ಬಂದು ನೋಡಿದರು. "ನಮ್ಮ ಯಂತ್ರವನ್ನು ಮನೆಗೆ ಕಳಿಸಿ, ಈ ಹುಡುಗಿಯನ್ನೇ ಕೆಲಸಕ್ಕೆ ಇಟ್ಟುಕೊಳ್ಳೋಣ," ಎಂದು ಇಂಗ್ಲಿಷಿನಲ್ಲಿ ಹೇಳಿದ. ಅಮ್ಮುವಿಗೆ ಅರ್ಥವಾಗಲಿಲ್ಲ, ಆದರೆ ಚಪ್ಪಾಳೆ ತಟ್ಟಿದಳು. ಆಂಟಿ ಉಳಿದ ಉಪ್ಪೇರಿಯ ಪೊಟ್ಟಣವನ್ನು ನನ್ನ ಕೈಗಿಟ್ಟು, "ಈಗ ನನಗೆ ನಿದ್ದೆ ಬರ್ತದೆ ಮೋಳೇ," ಎಂದರು. ಗಡಿಬಿಡಿಯಲ್ಲಿ ಅವರ ಫೋನ್ ನಂಬರ್ ಕೇಳಲು ಮರೆತೆ.

ಯೋಜನೆ ಮುಂದುವರಿಯಿತು, ಇದನ್ನು ಅದೇ ಲ್ಯಾಬಿನ ಮೇಜಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಯಂತ್ರ ಯಾವಾಗಲೂ ಒಂದೇ ಜಾಗದಲ್ಲಿ, ಒಂದೇ ಕಡೆಗೆ, ಮೆಲ್ಲಗೆ ಬಗ್ಗಿಸುತ್ತದೆ. ಮನುಷ್ಯರು ಹಾಗೆ ಬಗ್ಗಿಸುವುದಿಲ್ಲ ಎಂಬುದು ಈಗ ಪ್ರತಿ ಮಾದರಿ ಮಾಡುವಾಗಲೂ ನೆನಪಾಗುತ್ತದೆ, ಜೊತೆಗೆ ಕಿಟಕಿಯ ಬಳಿಯ ಆ ಪುಟ್ಟ ಮುಖ.

ಸಮಿತಿಯ ಮುಂದೆ ನಾನು ಕೈಗವಸು ಹಾಕಿಕೊಂಡು, ನಿಧಾನವಾಗಿ, ಒಂದೇ ಒಂದು ಸಲ ಬಗ್ಗಿಸಿ ತೋರಿಸುವುದೆಂದು ಮೊದಲೇ ನಿರ್ಧಾರವಾಗಿತ್ತು. ಆದರೆ ರೈಲಿಳಿದ ಮರುದಿನ ಬೆಳಗ್ಗೆ ಕೈಗವಸು, ರಟ್ಟು, ಕೆಂಪು ರಬ್ಬರ್ ಬ್ಯಾಂಡ್ ಎಲ್ಲವನ್ನೂ ಗೆಸ್ಟ್ ಹೌಸಿನ ಮೇಜಿನ ಮೇಲೆಯೇ ಬಿಟ್ಟೆ. ಪರದೆಯನ್ನು ನಾನೇ ಕೊಳವೆಯಂತೆ ಸುತ್ತಿ, ಹಸಿರು ಬ್ಯಾಂಡ್ ಹಾಕಿ, ಹ್ಯಾಂಡ್‌ಬ್ಯಾಗಿನಲ್ಲಿ ಬಾಚಣಿಗೆಯ ಪಕ್ಕ ಇಟ್ಟುಕೊಂಡು ಹೋದೆ. ಸಮಿತಿಯ ಹಿರಿಯ ಸದಸ್ಯೆಯ ಕೈಗೆ ಅದನ್ನು ಹಾಗೆಯೇ ಕೊಟ್ಟು, "ಮೇಡಂ, ನೀವೇ ಬಿಚ್ಚಿ, ನಿಮಗೆ ಬೇಕಾದ ಹಾಗೆ ಬಗ್ಗಿಸಿ ನೋಡಿ," ಎಂದು ಹೇಳಿ, ಕೈಕಟ್ಟಿ ಕುಳಿತೆ.