ಬಗ್ಗಿ ನೋಡದವರು

ನಮ್ಮ ಸೋಪು ಕಾರ್ಖಾನೆಯ ಸ್ವಿಚ್ ಬೋರ್ಡು ನೋಡಿಕೊಳ್ಳುವ ಹೆಂಗಸಿಗೆ ಗುಮ್ಮಕ್ಕ ಎಂದು ಹೆಸರಿಟ್ಟವನು ನಾನೇ. ವಯಸ್ಸು ಐವತ್ತಾರು, ನಕ್ಕರೆ ಸಂಬಳ ಹಿಡಿಯುತ್ತಾರೇನೋ ಎನ್ನುವ ಹಾಗೆ ಬಿಗಿದ ತುಟಿ. ಇಪ್ಪತ್ತೆರಡು ವರ್ಷದ ಹಿಂದೆ ಪ್ಯಾಕಿಂಗಿಗೆ ಸೇರಿದವಳು ನೋಡಿ ನೋಡಿಯೇ ಬೋರ್ಡಿನ ಕೆಲಸ ಕಲಿತಳು. ತೀರಿಹೋದ ತಂಗಿಯ ಇಬ್ಬರು ಹೆಣ್ಣುಮಕ್ಕಳನ್ನು ಆ ಸಂಬಳದಲ್ಲೇ ಓದಿಸಿದಳು. ಮಧ್ಯಾಹ್ನದ ಊಟವನ್ನೂ ಬೋರ್ಡಿನ ಪಕ್ಕ ನಿಂತೇ ಮುಗಿಸುವಳು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಾನು ನಂಬಿದ್ದು ಒಂದೇ, ಈಕೆ ಹುಟ್ಟಿರುವುದೇ ನನ್ನ ಪ್ರಾಣ ಹಿಂಡಲಿಕ್ಕೆ ಎಂದು.

ನನ್ನ ಕೆಲಸ ದೊಡ್ಡ ಡ್ರಮ್ಮಿನೊಳಗೆ ಇಳಿದು, ಅಲಗುಗಳಿಗೆ ಮೆತ್ತಿಕೊಂಡ ಸೋಪನ್ನು ಕೆರೆಯುವುದು. ಇಳಿಯುವವನು ತನ್ನ ಸ್ವಂತ ಬೀಗವನ್ನು ಸ್ವಿಚ್ಚಿಗೆ ಹಾಕಿ ಕೀ ಜೇಬಿನಲ್ಲಿಟ್ಟುಕೊಳ್ಳಬೇಕು. ಬೀಗ ಇರುವ ತನಕ ಅಲಗು ತಿರುಗುವುದಿಲ್ಲ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಎರಡು ಸಲ ಯಾರ ಮೇಲೋ ರೇಗಿ, ಬೀಗ ಬಿಚ್ಚದೆ ಮನೆಗೆ ಹೋಗಿಬಿಟ್ಟಿದ್ದೆ. ಎರಡನೇ ಸಲ ಗುಮ್ಮಕ್ಕ ಅರ್ಧ ಗಂಟೆ ನಡೆದು ನಮ್ಮ ಮನೆ ಬಾಗಿಲಿಗೇ ಬಂದಳು.

“ಕೀ ಕೊಡು.”

“ಬೀಗ ಕತ್ತರಿಸಿ ಬಿಸಾಕೋಕೆ ಏನಾಗಿತ್ತು? ಬೀದೀಲಿ ನನ್ನ ಮಾನ ಕಳೆಯೋಕೆ ಇಲ್ಲೀತನಕ ಬಂದ್ರಾ?”

“ನೀನು ಮನೇಲಿದ್ದೀಯೋ ಇಲ್ವೋ ಕಣ್ಣಾರೆ ನೋಡ್ಬೇಕಿತ್ತು.”

ನೀರು ಬೇಕೇ ಎಂದು ನನ್ನ ಹೆಂಡತಿ ಕೇಳುವಷ್ಟರಲ್ಲಿ ಗುಮ್ಮಕ್ಕ ಕೀ ಇಸಕೊಂಡು ಬೀದಿಯ ತಿರುವು ದಾಟಿದ್ದಳು.

ಮರುದಿನ ಇದನ್ನು ನಮ್ಮ ಸೂಪರ್‌ವೈಸರ್ ಮುಂದೆ ತೋಡಿಕೊಂಡೆ. ಮಾತು ಅಷ್ಟು ಸಿಹಿಯೆಂದು ಎಲ್ಲರೂ ಅವನನ್ನು ಸಕ್ಕರೆ ಎಂದೇ ಕರೆಯುವುದು. ನನ್ನ ಹೆಂಡತಿಯ ಮಂಡಿನೋವನ್ನು ನಾನು ಮರೆತರೂ ಅವನು ಮರೆಯುತ್ತಿರಲಿಲ್ಲ.

“ಅಣ್ಣಾ, ಆಯಮ್ಮ ದಿನಾ ಸಾಹೇಬರ ಹತ್ರ ನಿನ್ನ ಮೇಲೆ ಚಾಡಿ ಹೇಳ್ತಾಳೆ. ನಾನಿರೋದಕ್ಕೆ ನೀನು ಉಳ್ಕೊಂಡಿದ್ದೀಯ,” ಎಂದ.

“ಹೌದಾ?”

“ನಿನ್ನಾಣೆ.”

ಅವಳನ್ನು ಬೋರ್ಡಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿ ಎಂಬ ಅರ್ಜಿ ಅವನ ಜೇಬಿನಲ್ಲಿ ಸಿದ್ಧವಿತ್ತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ಓದುವ ಗೋಜಿಗೆ ಹೋಗಲಿಲ್ಲ. ಮೊದಲ ಸಹಿ ನನ್ನದೇ.

ಒಂದು ವಾರ ಕಳೆದಿರಬಹುದು. ಶುಕ್ರವಾರ ಬೆಳಿಗ್ಗೆ ಬೀಗ ಹಾಕಿ ಡ್ರಮ್ಮಿಗಿಳಿದು ತಳದಲ್ಲಿ ಕೂತು ಕೆರೆಯುತ್ತಿದ್ದೆ. ಮೇಲೆ ಸಾಹೇಬರ ದನಿ ಕೇಳಿಸಿತು.

“ಇನ್ನೂ ಯಾಕೆ ಶುರುವಾಗಿಲ್ಲ? ಲಾರಿ ಬಂದು ನಿಂತಿದೆ!”

“ಒಳಗೆ ಯಾರೂ ಇಲ್ಲ ಸಾರ್,” ಎಂದ ಸಕ್ಕರೆ. “ಅವನು ರೇಗ್ಕೊಂಡು ಮನೆಗೆ ಹೋಗಿರ್ತಾನೆ, ಅವಂದು ಇದ್ದದ್ದೇ. ಬೀಗ ಕತ್ತರಿಸಿದ್ರಾಯ್ತು.”

ಬೇರೆ ಯಾರದೋ ವಿಷಯ ಎಂದುಕೊಂಡೆ. ಆಮೇಲೆ ನನ್ನದೇ ಎಂದು ಹೊಳೆಯಿತು.

“ಬಗ್ಗಿ ನೋಡಿದ್ಯಾ?” ಗುಮ್ಮಕ್ಕ ಕೇಳಿದಳು.

“ನೋಡೋದೇನು ಬಂತು? ಅವನ ಬುದ್ಧಿ ನನಗೆ ಗೊತ್ತಿಲ್ವಾ?”

“ಬುದ್ಧಿ ಕೇಳ್ಲಿಲ್ಲ. ಬಗ್ಗಿ ನೋಡಿದ್ಯಾ ಅಂದೆ.”

“ಕಟರ್ ತಂದಾಗಿದೆ ಕಣಮ್ಮಾ, ದಾರಿ ಬಿಡು. ಸಾಹೇಬರೇ ಹೇಳ್ತಿದಾರೆ.”

“ಮೊದ್ಲು ನನ್ನ ಕೈ ಕತ್ತರಿಸು. ಆಮೇಲೆ ಬೀಗಕ್ಕೆ ಬಾ.”

ಕೂಗಿದರೆ ಮೂರು ಬೀದಿಗೆ ಕೇಳುವ ಗಂಟಲು ನನ್ನದು. ಆಗ ಅದರಿಂದ ಗಾಳಿ ಮಾತ್ರ ಹೊರಟಿತು. ಏಳಲು ಹೋದರೆ ಸೋಪಿನ ಮೇಲೆ ಕಾಲು ಜಾರಿತು. ಕೈಯಲ್ಲಿದ್ದ ಕೆರೆಯುವ ಪಟ್ಟಿಯಿಂದ ಡ್ರಮ್ಮಿನ ಗೋಡೆಗೆ ಬಡಿದೆ. ಮತ್ತೆ ಮತ್ತೆ ಬಡಿದೆ. ಮೇಲೆ ಎಲ್ಲರ ಮಾತೂ ನಿಂತುಹೋಯಿತು.

ಹತ್ತಿ ಹೊರಗೆ ಬಂದಾಗ ಕಟರ್ ಸಕ್ಕರೆಯ ಕೈಯಲ್ಲೇ ಇತ್ತು. ಗುಮ್ಮಕ್ಕ ಬೋರ್ಡಿಗೆ ಬೆನ್ನು ಕೊಟ್ಟು ನಿಂತಿದ್ದಳು.

“ಅಯ್ಯೋ ಅಣ್ಣಾ, ಒಳಗೇ ಇದ್ಯಾ? ಒಂದು ಮಾತು ಹೇಳ್ಬಾರ್ದಾ?” ಎಂದು ಅವನು ನಕ್ಕುಬಿಟ್ಟ!

ಬೇರೆ ದಿನವಾಗಿದ್ದರೆ ಅವನ ಹಲ್ಲು ಉದುರುತ್ತಿತ್ತು. ಅವತ್ತು ನನ್ನ ಕೈ ಮೇಲೇಳಲಿಲ್ಲ. ಅವನಿಗೆ ನನ್ನ ಮೇಲೆ ದ್ವೇಷವೂ ಇರಲಿಲ್ಲ, ನನ್ನನ್ನು ಸಾಯಿಸುವ ಯೋಚನೆಯೂ ಇರಲಿಲ್ಲ. ಸಾಹೇಬರ ಹುಬ್ಬಿನ ಗಂಟು ಬಿಡಿಸಬೇಕಿತ್ತು, ಅಷ್ಟೇ. ಅಷ್ಟಕ್ಕೆ ನಾನು ತುಂಡಾಗಿ ಹೋಗುತ್ತಿದ್ದೆ.

ಸೀದಾ ಸಾಹೇಬರ ಕೋಣೆಗೆ ಹೋಗಿ ನನ್ನ ಸಹಿ ವಾಪಸ್ಸು ಕೊಡಿ ಎಂದೆ. ಅವರು ತಲೆಯೆತ್ತಲಿಲ್ಲ.

“ಆದೇಶ ಆಗೋಯ್ತಪ್ಪಾ. ಸೋಮವಾರದಿಂದ ಆಕೆ ಪ್ಯಾಕಿಂಗಿಗೆ, ಬೋರ್ಡಿಗೆ ನಿಮ್ಮ ಸೂಪರ್‌ವೈಸರ್ ಭಾವಮೈದ. ನೀವೇ ತಾನೇ ಬರ್ಕೊಟ್ಟಿದ್ದು?”

ಭಾವಮೈದ! ಅಷ್ಟು ಸಕ್ಕರೆ ಸುರಿದದ್ದು ಇದಕ್ಕೆ!

“ಹಾಗಾದ್ರೆ ಡ್ರಮ್ಮಿಗೂ ಆ ಭಾವಮೈದನ್ನೇ ಇಳಿಸಿ. ನಾನಿಳಿಯಲ್ಲ,” ಎಂದೆ.

ವಿಷಯ ಕೇಳಿ, ಡ್ರಮ್ಮಿಗಿಳಿಯುವ ಉಳಿದ ಮೂವರೂ ಅದನ್ನೇ ಹೇಳಿದರು. ಸೋಮವಾರ, ಮಂಗಳವಾರ ಡ್ರಮ್ಮು ಸೋಪು ಮೆತ್ತಿಕೊಂಡು ಸುಮ್ಮನೆ ನಿಂತಿತು. ಬುಧವಾರ ಸಾಹೇಬರು ಆದೇಶ ಹರಿದು ಗುಮ್ಮಕ್ಕನನ್ನು ಬೋರ್ಡಿಗೆ ಕರೆಸಿದರು. ಸಕ್ಕರೆಗೆ ಏನೂ ಆಗಲಿಲ್ಲ. ಇವತ್ತಿಗೂ ಸಿಕ್ಕಾಗ “ಅತ್ತಿಗೆ ಮಂಡಿ ಹೇಗಿದೆ ಅಣ್ಣಾ?” ಎನ್ನುತ್ತಾನೆ.

ಆ ಬುಧವಾರ ಊಟದ ಹೊತ್ತಿಗೆ ಬೋರ್ಡಿನ ಹತ್ತಿರ ಹೋಗಿ ನಿಂತೆ.

“ಅಕ್ಕಾ, ತಪ್ಪಾಯ್ತು. ಆ ಅರ್ಜೀಲಿ ನಾನೂ...”

“ಗೊತ್ತು. ಮೊದಲ್ನೇ ಸಹಿ ನಿಂದು. ಉತ್ತರ ಕೊಡು ಅಂತ ನನಗೂ ಒಂದು ಪ್ರತಿ ಕೊಟ್ಟಿದ್ರು.”

“ಯಾವಾಗ?”

“ಹೋದ ಗುರುವಾರ.”

ನಾನು ಡ್ರಮ್ಮಿನಲ್ಲಿದ್ದದ್ದು ಅದರ ಮರುದಿನ, ಶುಕ್ರವಾರ.

“ಗೊತ್ತಿದ್ದೂ ಅಡ್ಡ ನಿಂತ್ರಾ?”

“ಒಳಗಿರೋನು ಬೇಕಾದೋನೋ ಬೇಡದೋನೋ ಅಂತ ನೋಡ್ಕೊಂಡು ಸ್ವಿಚ್ ಹಾಕ್ತಾರೇನೋ?” ಎಂದು ಡಬ್ಬಿಯ ಮುಚ್ಚಳ ಒತ್ತಿದಳು. ಆಮೇಲೆ “ನಾನು ದಿನಾ ತಡವಾಗಿ ಬರ್ತೀನಿ ಅಂತ ಬರೆದಿದ್ದೀರಲ್ಲ, ಅದೊಂದಕ್ಕೆ ಬೇಜಾರಾಯ್ತು. ಇಪ್ಪತ್ತೆರಡು ವರ್ಷದಲ್ಲಿ ಒಂದಿನ ತೋರ್ಸು ನೋಡೋಣ,” ಎಂದಳು.

“ಹಾಗೆ ಬರೆದಿತ್ತಾ? ನಾನು ಓದದೇ ಹಾಕಿದೆ ಅಕ್ಕಾ.”

“ಓದದೇನಾ?”

ಕಟರ್ ಎದುರಿಗೆ ಬಂದಾಗಲೂ ಅಲುಗದಿದ್ದ ಆ ಮುಖ ಬಿಳಿಚಿಕೊಂಡಿತು. “ಹಾಗಾದ್ರೆ ನೀನೂ ಬಗ್ಗಿ ನೋಡ್ಲಿಲ್ಲ,” ಎಂದಳು.