ಸಸಿಮಡಿ ಬರಿದಾದ ದಿನ

ಆಳಂದದಿಂದ ಖಜೂರಿಗೆ ಹೋಗುವ ದಾರಿಯ ಮಗ್ಗುಲಿಗಿದ್ದ ಹಳೆಯ ಹವೇಲಿಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಗಂಡ ತೀರಿಕೊಂಡಿದ್ದ. ನಮ್ಮದು ಹೂಗಾರರ ಮನೆತನ. ಕಸಿ ಕಟ್ಟುವುದನ್ನು ಅಪ್ಪ ಕಲಿಸಿದ್ದ. ಹವೇಲಿಯ ಒಡತಿ ಅರವತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಊರೆಲ್ಲ ಆಕೆಯನ್ನು ಬೇಗಂಸಾಹೇಬರು ಎನ್ನುತ್ತಿತ್ತು.

ಆಕೆಯ ಗಂಡನ ಮುತ್ತಜ್ಜ ಕಟ್ಟಿಸಿದ ಆ ಮನೆಯ ಹಿಂದೆ ದೊಡ್ಡ ತೋಟ, ತೋಟದ ಒಂದು ಮೂಲೆಗೆ ಸಸಿಮಡಿ. ಮಾವು, ಅಂಜೂರ, ಲಿಂಬಿ, ಪೇರಲ, ಗುಲಾಬಿಯ ನೂರಾರು ಸಸಿಗಳನ್ನು ಒಡೆದ ಗಡಿಗೆಗಳಲ್ಲಿ, ಪಾತಿಗಳಲ್ಲಿ ಬೆಳೆಸುತ್ತಿದ್ದೆವು. ಅವು ಅಫಜಲಪುರ, ಜೇವರ್ಗಿ ಕಡೆಯ ದೊಡ್ಡವರ ತೋಟಗಳಿಗೆ ಹೋಗುತ್ತಿದ್ದವು. ಊರಿನ ಬಡವರು ಗೋಡೆಯ ಮೇಲಿಂದ ಇಣುಕುವ ಟೊಂಗೆಗಳನ್ನು ಬಿಟ್ಟರೆ ಬೇರೇನನ್ನೂ ಕಂಡವರಲ್ಲ.

ನಾನು ಸೇರಿ ಎಷ್ಟೋ ವರ್ಷವಾದ ಮೇಲೆ ಒಂದು ದಿನ ಬೇಗಂಸಾಹೇಬರು ಹೇಳಿದರು: "ಈ ಮನಿ, ಬಾಗ, ಸಸಿಮಡಿ ಎಲ್ಲಾ ಊರಿಗೆ ಬರದುಕೊಡ್ತೇನಿ."

ನನ್ನ ಕೈಯಲ್ಲಿದ್ದ ಚಾಕು ನಿಂತಿತು. "ಊರಿಗಂದ್ರ ಯಾರಿಗ್ರಿ?"

"ಊರಿಗಂದ್ರ ಊರಿಗೇ. ದಣದವ್ರು ನೆಳ್ಳಾಗ ಕೂಡ್ಲಿ. ಸಸಿ ಬೇಕಂದವ್ರು ಒಯ್ಲಿ. ನಾ ಕಣ್ ಮುಚ್ಚಿದ್ರ ನನ್ನ ಗಂಡನ ಅಣ್ಣನ ಮಗ ತೊಲಿ, ಕಲ್ಲು ಎಲ್ಲಾ ಬಿಚ್ಚಿ ಮಾರ್ತಾನ. ಅಂವಾ ಪತ್ರದಾಗ ಹಂಗ ಬರದಾನ."

ಹವೇಲಿಗೆ ಇದ್ದದ್ದು ಒಂದೇ ಬಾಗಿಲು. ಅದೂ ಹೆಂಗಸರ ಅಂಗಳದ ಮೂಲಕ. ಜನ ನೇರ ತೋಟಕ್ಕೆ ಬರಲೆಂದು ರಸ್ತೆ ಕಡೆಯ ಗೋಡೆಯನ್ನು ಒಡೆಯಲು ಬೇಗಂಸಾಹೇಬರು ಗೌಂಡಿಗೆ ಹೇಳಿದರು. ಕಾಗದಪತ್ರ ಮಾಡಿಸಲು ತಾವು ಗುಲ್ಬರ್ಗಾಕ್ಕೆ ಹೊರಟರು. ಪರದೆಯ ಹೆಂಗಸು, ಜೊತೆಗೊಬ್ಬಳು ಬೇಕು, ನಾನೂ ಹೋದೆ. ಕಚೇರಿಯಲ್ಲಿ ಕೂತು, ಉರ್ದುವಿನ ಆ ಉದ್ದನೆಯ ಕಾಗದಕ್ಕೆ ಸಹಿ ಬಿದ್ದು, ನಾವು ಮರಳುವಾಗ ನಾಲ್ಕು ದಿನ ಕಳೆದಿದ್ದವು.

ಟಾಂಗಾ ಇಳಿದು ತೋಟದ ಕಡೆ ಹೋದವಳು ನಿಂತಲ್ಲೇ ನಿಂತೆ. ಸಸಿಮಡಿಯಲ್ಲಿ ಒಂದು ಸಸಿ ಇರಲಿಲ್ಲ. ಗಡಿಗೆಗಳೂ ಇರಲಿಲ್ಲ. ಗುಲಾಬಿ ಪಾತಿಯಲ್ಲಿ ಸಾಲುಸಾಲು ಗುಂಡಿಗಳು, ಅಷ್ಟೇ. ಕಿವಿ ಮಂದವಾಗಿದ್ದ ಮುದುಕ ಕಾವಲುಗಾರ ಕೈ ಮುಗಿದು ಅಳುತ್ತಿದ್ದ. "ಗ್ವಾಡಿ ಬಿದ್ದಿದ್ದೇ ತಡ, ಮಂದಿ ನುಗ್ಗಿ ಹೊತ್ಕೊಂಡು ಹೋದ್ರು. ಎಷ್ಟ್ ಮಂದೀನ ತಡೀಲೆವ್ವಾ?"

ಬೇಗಂಸಾಹೇಬರು ಬುರ್ಖಾ ಸರಿದದ್ದೂ ಗೊತ್ತಿಲ್ಲದೆ ಬರಿ ನೆಲದ ಮೇಲೆ ಕುಸಿದರು. ಒಡೆದ ಗೋಡೆಯಾಚೆ ರಸ್ತೆ, ಬಂಡಿಗಳು, ಗಂಡಸರು. ಆಕೆಯ ಮುಖವನ್ನು ಊರು ಕಂಡದ್ದು ಅಂದೇ ಮೊದಲು. "ಕೊಡ್ತೇನಂತ ಬರದು ಬಂದ್ನೆಲ್ಲ ಬೇ," ಎಂದರು. "ನಾಕು ದಿನ ತಡೀಲಿಲ್ಲಲ್ಲ!"

ನಾನು ರೊಚ್ಚಿಗೆದ್ದು ಹೊರಟೆ. ದಾರಿಯಲ್ಲಿ ಊರ ಲೆಕ್ಕ ಬರೆಯುವ ಪಟವಾರಿಯ ಮನೆಯಿತ್ತು, ವ್ಯಾಪಾರಿಗಳ ಮನೆಗಳಿದ್ದವು. ಯಾವ ಬಾಗಿಲನ್ನೂ ನಾನು ತಟ್ಟಲಿಲ್ಲ. ನೆಟ್ಟಗೆ ಊರಾಚೆಯ ಕೇರಿಗೇ ನಡೆದೆ.

ನಮಗೆ ಸಗಣಿಗೊಬ್ಬರ ತರುತ್ತಿದ್ದ ಹೆಂಗಸು ಅಲ್ಲಿದ್ದಳು. ಎಷ್ಟೋ ವರ್ಷಗಳಿಂದ ಆಕೆ ಬುಟ್ಟಿಯನ್ನು ಹಿತ್ತಲ ಗೋಡೆಯ ಹೊರಗೇ ಇಳಿಸಬೇಕಿತ್ತು. ಒಳಗೆ ಕಾಲಿಡಲು ನಾನು ಬಿಟ್ಟಿರಲಿಲ್ಲ. ಅವಳ ಗುಡಿಸಲ ಮುಂದೆ ನಾಲ್ಕು ಕೋಲು ಹುಗಿದು, ಹಳೆಯ ಸೀರೆ ಕಟ್ಟಿ, ಆ ನೆರಳಲ್ಲಿ ನನ್ನ ಮಾವಿನ ಕಸಿಗಳನ್ನು ಸಾಲಾಗಿ ಇಟ್ಟಿದ್ದಳು.

"ಕಳ್ಳೀ!" ಎಂದು ಕೂಗಿದೆ. ಕೇರಿಯೆಲ್ಲ ಹೊರಗೆ ಬಂತು.

ಆಕೆ ದಂಗಾಗಿ ನನ್ನ ಮುಖವನ್ನೇ ನೋಡಿದಳು. "ನೀವು ತಿರುಗಿ ಬಂದ್ರೇನ್ರೀ? ಗೌಂಡಿನ್ನ ಕೇಳಿದ್ರ 'ಕೆಡವಾಕ ಹೇಳ್ಯಾರ' ಅಂದ. ಬೇಗಂಸಾಹೇಬ್ರು ಊರು ಬಿಟ್ರು, ಹವೇಲಿ ಕಲ್ಲು ಮಾರಾಕತ್ತಾರ ಅಂತ ಊರ ತುಂಬ ಸುದ್ದಿ. ನೀವೂ ಇರಲಿಲ್ಲ. ಕೂಸಿನಂಥ ಸಸಿಗೋಳು ನೀರಿಲ್ಲದ ಸಾಯ್ತಾವಂತ ತಂದ್ವಿರಿ. ನಾ ಒಬ್ಬಾಕೇ ಅಲ್ಲ. ಲಿಂಬಿ ನೇಕಾರ ಓಣ್ಯಾಗ ಅದಾವ. ಗುಲಾಬಿ ಪಟವಾರಿ ಅವರ ಅಂಗಳದಾಗ."

ಗಡಿಗೆಗಳ ಮಣ್ಣು ಮುಟ್ಟಿದೆ. ಹಸಿ ಇತ್ತು. ಆ ಕೇರಿಯವರು ಕುಡಿಯುವ ನೀರಿಗಾಗಿ ಹಳ್ಳದ ಒರತೆಗೆ ಹೋಗಬೇಕೆಂಬುದು ನನಗೆ ಗೊತ್ತಿತ್ತು. ತಲೆ ತಗ್ಗಿಸಿ ಮರಳಿದೆ.

ಬೇಗಂಸಾಹೇಬರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿದರು: "ಆಕೀಗಿ ಕಳ್ಳಿ ಅಂದ್ಯಾ?"

"ಅಂದೆ ರೀ."

"ಹೋಗು. ಎಲ್ಲಾರ ಮುಂದ ಅಂದೀದಿ, ಎಲ್ಲಾರ ಮುಂದ ತಪ್ಪಾತು ಅನ್ನು."

ಹೋಗಿ ಅಂದೆ. ಅಷ್ಟು ಕಷ್ಟದ ಮಾತನ್ನು ನಾನು ಅದಕ್ಕೂ ಮೊದಲು ಆಡಿರಲಿಲ್ಲ. ಆಕೆ ನಕ್ಕಳೋ, ಅತ್ತಳೋ ತಿಳಿಯಲಿಲ್ಲ, ಸೆರಗು ಬಾಯಿಗಿಟ್ಟುಕೊಂಡಿದ್ದಳು.

ಬೇಗಂಸಾಹೇಬರು ಮರಳಿದ ಸುದ್ದಿ ಹಬ್ಬಿ, ಮರುದಿನ ಬೆಳಿಗ್ಗೆಯಿಂದ ಜನ ತಲೆಯ ಮೇಲೆ ಸಸಿ ಹೊತ್ತು ಬಂದರು. ನೇಕಾರರ ಹೆಂಗಸರು, ಗಾಣಿಗರು, ಬಂಡಿಯವರು. ಎಷ್ಟೋ ಸಸಿಗಳು ಬಾಡಿದ್ದವು. ಪಟವಾರಿಯ ಮನೆಯಿಂದ "ಬೇರು ಬಿಟ್ಟಾವ" ಎಂದು ಹೇಳಿ ಕಳಿಸಿದರೇ ವಿನಾ ಗುಲಾಬಿ ಬರಲೇ ಇಲ್ಲ. ಗೊಬ್ಬರದಾಕೆ ಮಾವಿನ ಕಸಿಗಳ ಬುಟ್ಟಿ ಹೊತ್ತು ಕೊನೆಗೆ ಬಂದಳು. ಒಡೆದ ಗೋಡೆಯ ಹತ್ತಿರ ಎಂದಿನಂತೆ ಬುಟ್ಟಿ ಇಳಿಸಿ ನಿಂತಳು.

"ಒಳಗ ಬರ್ರಿ," ಎಂದೆ.

ಆಕೆ ಹಿಂದಕ್ಕೆ ತಿರುಗಿ, ನಾನು ಯಾರನ್ನು ಕರೆಯುತ್ತಿದ್ದೇನೆಂದು ನೋಡಿದಳು. ಆ ನೋಟ ನನ್ನನ್ನು ಬರಿದಾದ ಸಸಿಮಡಿಗಿಂತ ಹೆಚ್ಚು ಬೆಚ್ಚಿಬೀಳಿಸಿತು. ನಾನೇ ಹೋಗಿ ಬುಟ್ಟಿಯ ಒಂದು ಕಡೆ ಹಿಡಿದೆ.

ಮುಂದೆ ಮಾವಿನ ಮಡಿಯನ್ನು ಬೇಗಂಸಾಹೇಬರು ಆಕೆಗೇ ಒಪ್ಪಿಸಿದರು. ಕಸಿ ಕಟ್ಟುವುದನ್ನು ನಾನು ಕಲಿಸಿದೆ. ಎರಡು ವರ್ಷದಲ್ಲಿ ಅವಳ ಕೈ ನನ್ನ ಕೈಗಿಂತ ಚುರುಕಾಯಿತು. ಬೇಗಂಸಾಹೇಬರು ತೀರಿಕೊಂಡ ತಿಂಗಳಲ್ಲೇ ಅವರ ಗಂಡನ ಆ ಅಣ್ಣನ ಮಗ ತೊಲೆ ಬಿಚ್ಚಲು ಹೈದರಾಬಾದಿನಿಂದ ಬಡಿಗರನ್ನು ಕರೆದುಕೊಂಡು ಬಂದ. ತೋಟದ ತುಂಬ ಜನ ಕೂತಿದ್ದರು. ಒಬ್ಬರೂ ಏಳಲಿಲ್ಲ, ಒಬ್ಬರೂ ಕೂಗಾಡಲಿಲ್ಲ. ಗೊಬ್ಬರದಾಕೆ ಅವನ ಮುಂದೆ ಹೋಗಿ, "ಸಸಿ ಬೇಕಾಗಿತ್ತೇನ್ರೀ?" ಎಂದು ಕೇಳಿದಳು. ಬೇಗಂಸಾಹೇಬರು ಊರಿಗೆ ಬರೆದುಕೊಟ್ಟ ಕಾಗದವನ್ನು ನಾನು ತಂದು ತೋರಿಸಿದೆ. ಅವನು ಅದನ್ನು ನೋಡಿ, ಬಡಿಗರನ್ನು ಕರೆದುಕೊಂಡು ಮರಳಿ ಹೋದ.