ಹುಳದ ಮನೆಗೆ ಬಂದ ಲವಂಗದೆಣ್ಣೆ

ಲವಂಗದೆಣ್ಣೆಯನ್ನು ಹೊಗಳುವ ಯೋಗ್ಯತೆ ನನಗಿಲ್ಲ. ಒಮ್ಮೆ ಅದೇ ಎಣ್ಣೆಯಿಂದ ಅತ್ತೆಮನೆಯ ರೇಷ್ಮೆ ಬೆಳೆಯನ್ನೇ ಮುಗಿಸಿಬಿಡುವುದರಲ್ಲಿದ್ದೆ.

ಆದರೂ ಗುಣವಂತ ಎಣ್ಣೆ. ಹುಳುಕು ಹಲ್ಲಿಗೆ ಒತ್ತಿದರೆ ನೋವಿನ ಜೊತೆ ನಾಲಿಗೆಯೂ ಮರಗಟ್ಟುತ್ತದೆ. ಅಂಟಿನ ಬಾಟಲಿಗೆ ಒಂದು ಹನಿ ಬಿಟ್ಟರೆ ಬೂಷ್ಟು ಹಿಡಿಯುವುದಿಲ್ಲ. ಎಣ್ಣೆಯಾಗಿ ಹುಟ್ಟಿಯೂ ನೀರಿನಲ್ಲಿ ತೇಲದೆ ಮುಳುಗುತ್ತದೆ. ಎಸ್ಸೆಸ್ಸೆಲ್ಸಿ ಪಾಸಾದ ಜಂಬದ ನನಗೆ ಇದೆಲ್ಲ ಗೊತ್ತಿತ್ತು. ರೇಷ್ಮೆ ಹುಳ ಸಾಕುವ ಮನೆಗೆ ಹೊಗೆಸೊಪ್ಪು, ಅತ್ತರು, ಒಗ್ಗರಣೆಯ ಘಾಟು ಬರಬಾರದೆಂದು ಅತ್ತೆ ಹೇಳಿದ್ದರು. ಔಷಧಿಯ ಹೆಸರು ಹೇಳಿರಲಿಲ್ಲವಲ್ಲ!

ಆಗ ನಯಾಪೈಸೆ ಬಂದ ಹೊಸತು. ಚಿಂತಾಮಣಿಯಿಂದ ಶಿಡ್ಲಘಟ್ಟದ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ಹುಳುಗಳು ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟಬೇಕು. ಆ ಗೂಡನ್ನು ನಂಬಿಕೊಂಡೇ ನಾದಿನಿಯ ಮದುವೆ ನಿಶ್ಚಯವಾಗಿತ್ತು. ಅಂಥ ಬೆಳಿಗ್ಗೆ ನನ್ನ ದವಡೆಹಲ್ಲು ಸಿಡಿಯತೊಡಗಿತು. ತವರಿನಿಂದ ತಂದ ಸೀಸೆ ತೆಗೆದು ಬೆರಳಿನಿಂದಲೇ ಎಣ್ಣೆ ಹಚ್ಚಿಕೊಂಡೆ. ಅದೇ ಬೆರಳಿನಿಂದ ಹುಳುಗಳ ಮೊದಲ ತಟ್ಟೆಗೆ ಹಿಪ್ಪುನೇರಳೆ ಸೊಪ್ಪು ಹಾಕಿದೆ.

ಆ ತಟ್ಟೆಯಲ್ಲಿ ಮೇಯುವ ಸದ್ದು ನಿಂತೇಹೋಯಿತು. ಹುಳುಗಳೆಲ್ಲ ಸೊಪ್ಪು ಬಿಟ್ಟು, ತಲೆ ಎತ್ತಿ ಅತ್ತಿತ್ತ ಓಲಾಡತೊಡಗಿದವು. ಅತ್ತೆಯನ್ನು ಕೂಗೋಣವೆಂದರೆ ನಾಲಿಗೆ ಮೊದಲೇ ಮರಗಟ್ಟಿತ್ತು.

ಅತ್ತೆ ಬಾಗಿಲಲ್ಲೇ ಮೂಗರಳಿಸಿದರು. “ಅಯ್ಯೋ, ಲವಂಗದೆಣ್ಣೆ! ಕೈ ತೆಗಿಯಮ್ಮ, ಕೈ ತೆಗಿ!”

ಬಯ್ಯಲೂ ನಿಲ್ಲಲಿಲ್ಲ. ಸೊಪ್ಪನ್ನೆಲ್ಲ ಬಾಚಿ ಹೊರಗೆಸೆದು, ತಟ್ಟೆಯನ್ನು ಕಿಟಕಿಯ ಗಾಳಿಗಿಟ್ಟು, ಹೊಸ ಸೊಪ್ಪು ಹರಡಿದರು. ನಾನು ಹೊರಗೆ ಸೀಗೆಪುಡಿಯಲ್ಲಿ ಕೈ ಉಜ್ಜುತ್ತ ಅಳುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಹುಳುಗಳು ಮತ್ತೆ ಮೇಯತೊಡಗಿದವು. ಒಂದು ಹಿಡಿಯಷ್ಟು ಸತ್ತವು. ಆ ಹಿಡಿಯನ್ನು ನಾನಿನ್ನೂ ಮರೆತಿಲ್ಲ.

ಗೂಡು ಬಿಡಿಸಿ, ಮಾರಲು ಗಾಡಿ ಶಿಡ್ಲಘಟ್ಟಕ್ಕೆ ಹೊರಟ ದಿನ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದರು. ಬಾಕಿ ಉಳಿದಿದ್ದ ಬೈಗುಳ ಈಗ ಬಂತು ಎಂದುಕೊಂಡೆ.

“ಆ ಸೀಸೆ ಇನ್ನೂ ಐತೇನಮ್ಮ?”

“ಇದೆ ಅತ್ತೆ. ಯಾಕೆ?”

ಅವರು ಬಾಯಿ ತೆರೆದು ತೋರಿಸಿದರು. ಒಸಡು ಕೆಂಪಗೆ ಊದಿಕೊಂಡಿತ್ತು.

“ಎಷ್ಟು ದಿನದಿಂದ ಅತ್ತೆ?”

“ಹುಳ ಮೊಟ್ಟೆ ಒಡೆದಾಗಿಂದ ಕಣಮ್ಮ. ಗೂಡಾಗೋವರೆಗೂ ಹಚ್ಕೊಳ್ಳೋ ಹಂಗಿಲ್ವಲ್ಲ.”

ಹೆಚ್ಚುಕಡಿಮೆ ಒಂದು ತಿಂಗಳು! ನನಗೆ ಒಂದು ಬೆಳಗಿನ ನೋವು ತಡೆಯಲಾಗಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ, ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಅವರ ಹಲ್ಲಿಗೆ ಒತ್ತಿದೆ. ಅವರು ಕಣ್ಣು ಮುಚ್ಚಿಕೊಂಡರು.

ಮುಂದಿನ ಬೆಳೆಗೆ ಮೊದಲೇ ಸೀಸೆಯನ್ನು ಪಕ್ಕದ ಮನೆಯಲ್ಲಿಟ್ಟು ಬಂದೆ. ಇಬ್ಬರ ಹಲ್ಲುಗಳೂ ಹೇಳಿ ಕಳಿಸಿದಂತೆ ಸರಿಯಾದ ಸಮಯಕ್ಕೇ ನೋಯತೊಡಗಿದವು. ಆ ಸಲ ಮಾತ್ರ ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡು ನರಳಿದೆವು.